ಬೀಜಕ್ಕೆ ಬಿಟ್ಟ ಸೋರೆಕಾಯಿ

ಅಕ್ಕ ಗಂಡನ ಮನೆಗೆ ಹೋಗುವಾಗ ನನಗೆ ಒಂದೇ ಒಂದು ಕೆಲಸ ಒಪ್ಪಿಸಿ ಹೋಗಿದ್ದಳು. ಬೀಜಕ್ಕೆಂದು ಬಳ್ಳಿಯಲ್ಲೇ ಬಲಿಯಲು ಬಿಟ್ಟಿದ್ದ ಸೋರೆಕಾಯಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಬೇಕು, ಹೊಗೆಯಲ್ಲಿ ಒಣಗಿಸಬೇಕು, ಯುಗಾದಿ ಕಳೆದ ಮೇಲೆ ಬೀಜ ತೆಗೆದು ಕಲ್ಯಾಣದುರ್ಗಕ್ಕೆ ಕಳಿಸಬೇಕು. ನಾನು ಅದನ್ನು ಮಾಡಲಿಲ್ಲ. ಮಾಡದೆ ಹೋದದ್ದು ಒಂದು ತಪ್ಪು. ಮಾಡಿದ್ದೇನೆಂದು ತೋರಿಸಿಕೊಳ್ಳಲು ಏನು ಮಾಡಿದೆನೋ ಅದು ಅದಕ್ಕಿಂತ ದೊಡ್ಡ ತಪ್ಪು. ಆಮೇಲೆ ಆರು ವರ್ಷ ಬಾಯಿ ಬಿಡದೆ ಇದ್ದೆನಲ್ಲ, ಅದಕ್ಕೆ ಏನು ಹೆಸರಿಡಬೇಕೋ ತಿಳಿಯದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ತೆಲುಗಿನಲ್ಲಿ. ಕನ್ನಡದ ಅಕ್ಷರಗಳನ್ನು ಅಪ್ಪ ಮನೆಯಲ್ಲೇ ಕಲಿಸಿದರು. ಸುತ್ತಿಬಳಸಿ ಬರೆಯುವುದು ನನಗೆ ಬಾರದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಿಂದೂಪುರದ ನಮ್ಮ ಮನೆ ಉದ್ದಕ್ಕೆ ಇತ್ತು, ಅಗಲ ಇರಲಿಲ್ಲ. ಬೀದಿಯ ಕಡೆಗೆ ಪಡಸಾಲೆ. ಅಲ್ಲಿ ಅಪ್ಪನ ಹುಣಿಸೆಹಣ್ಣಿನ ಚಾಪೆಗಳು. ಅಪ್ಪ ಹಳ್ಳಿಹಳ್ಳಿ ತಿರುಗಿ ಹುಣಿಸೆಮರಗಳ ಫಸಲು ಹಿಡಿದು, ಹಣ್ಣು ಮನೆಗೆ ತಂದು, ಬೀಜ ಬಿಡಿಸಿ ಮಂಡಿಗೆ ಹಾಕುತ್ತಿದ್ದರು. ಮನೆಯಲ್ಲಿ ಎಲ್ಲಕ್ಕೂ ಹುಣಿಸೆಯ ವಾಸನೆ, ನಮ್ಮ ಲಂಗಗಳಿಗೂ. ಪಡಸಾಲೆ ದಾಟಿದರೆ ದೇವರ ಗೂಡಿದ್ದ ನಡುಮನೆ, ಅದರಾಚೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡಂತೆ ಬಚ್ಚಲು, ಬಚ್ಚಲಿನ ಹಿಂದೆ ಹಿತ್ತಲು. ಹಿತ್ತಲಲ್ಲಿ ಸಿಹಿನೀರಿನ ಬಾವಿ ಇತ್ತು. ಬಚ್ಚಲಿನ ನೀರು ಹರಿದು ಹೋಗುವ ಕಾಲುವೆಯ ಪಕ್ಕ ಕೆಸು, ಎರಡು ಬಾಳೆ, ಒಂದು ಚಪ್ಪರದ ತುಂಬ ಬಸಳೆ. ಬಾವಿಕಟ್ಟೆಯ ನೆರಳಿನಲ್ಲಿ ದೊಡ್ಡಪತ್ರೆ, ಮಜ್ಜಿಗೆಹುಲ್ಲು. ಬೇಲಿಗೆ ಅವರೆ ಮತ್ತು ಹೀರೆ. ಮಧ್ಯದಲ್ಲಿ ಮಂಚದಗಲದ ಪಾತಿಗಳಲ್ಲಿ ದಂಟು, ಮೆಂತ್ಯ, ಕೊತ್ತಂಬರಿ. ಅಡುಗೆಮನೆಯ ಹೆಂಚಿನ ಮೇಲೆ ಸೋರೆಬಳ್ಳಿ. ಚಳಿಗಾಲದ ಬೆಳಿಗ್ಗೆ ಹೆಂಚೆಲ್ಲ ಇಬ್ಬನಿಯಲ್ಲಿ ಒದ್ದೆಯಾಗಿರುತ್ತಿತ್ತು. ಅವರೆ ಹೂವಿಗೆ ಆ ಇಬ್ಬನಿಯೇ ಬೇಕು ಎಂದು ಅಕ್ಕ ಹೇಳುತ್ತಿದ್ದಳು. ಪೇಟೆಯಿಂದ ತರಕಾರಿ ತಂದದ್ದು ನನಗೆ ನೆನಪಿಲ್ಲ. ದಂಟಿನ ಸೊಪ್ಪಿನ ಬಸ್ಸಾರು ಮೂರು ದಿನ ಕಾಯಿಸಿ ಕಾಯಿಸಿ ಉಣ್ಣುತ್ತಿದ್ದೆವು. ಮೂರನೆಯ ದಿನದ್ದೇ ರುಚಿ.

ನಮ್ಮ ಮನೆಯಲ್ಲಿ ಕೈಗುಣ ಅನ್ನುವುದನ್ನು ಬಹಳ ನಂಬುತ್ತಿದ್ದರು. ಕೆಲವರು ಬಿತ್ತಿದರೆ ಮೊಳೆಯುತ್ತದೆ, ಕೆಲವರು ಬಿತ್ತಿದರೆ ಇಲ್ಲ. ಅಕ್ಕನ ಹೆಸರು ಗುರುಬಸಮ್ಮ. ಅವ್ವ ಬಸಿ ಎನ್ನುತ್ತಿದ್ದಳು, ನಾನು ಬಸಕ್ಕ. ಅಕ್ಕನ ಕೈಗುಣ ನಮ್ಮ ಬೀದಿಗೇ ಗೊತ್ತಿತ್ತು. ಪಕ್ಕದ ಮನೆಯವರು ಬೀಜ ಹಾಕುವ ದಿನ ಅವಳನ್ನು ಕರೆದುಕೊಂಡು ಹೋಗಿ ಮೊದಲ ಹಿಡಿ ಅವಳ ಕೈಯಿಂದಲೇ ಹಾಕಿಸುತ್ತಿದ್ದರು. ಹಿಂತಿರುಗುವಾಗ ಅವಳ ಮಡಿಲಲ್ಲಿ ಬೆಲ್ಲದ ಉಂಡೆ ಇರುತ್ತಿತ್ತು. ಅರ್ಧ ನನಗೆ ಕೊಡುತ್ತಿದ್ದಳು. ನನ್ನ ಕೈಯಲ್ಲಿ ಏನೂ ಬರುತ್ತಿರಲಿಲ್ಲ. ಬರುತ್ತಿರಲಿಲ್ಲವೋ, ಬರುವುದಿಲ್ಲ ಎಂದು ಯಾರೂ ನನ್ನ ಕೈಗೆ ಬೀಜ ಕೊಡುತ್ತಿರಲಿಲ್ಲವೋ, ಈಗ ಹೇಳುವುದು ಕಷ್ಟ. ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು:

"ನಮ್ ಬಸಿ ಕೈ ಇಟ್ರೆ ಕಲ್ಲೂ ಚಿಗುರ್ತದೆ ಕಣಮ್ಮ. ಈ ಪಾರೀದು ಮಾತ್ರ ಬರೀ ಒಣಗ್ಲು ಕೈ."

"ಹಂಗಾದ್ರೆ ದಿನಾ ನೀರು ಸೇದೋದು ಯಾರ್ ಕೈಲವ್ವ? ಅದನ್ನೂ ಬಸಕ್ಕನ ಕೈಲೇ ಸೇದ್ಸು," ಎಂದು ನಾನು ಒಂದು ಸಲ ತಿರುಗಿ ಅಂದೆ.

"ಸೇದೋ ಕೈ ಬ್ಯಾರೆ, ಬಿತ್ತೋ ಕೈ ಬ್ಯಾರೆ. ಬಾಯ್ ಮುಚ್ಕಂಡು ಕೊಡ ಎತ್ತೇ."

ಬಂದವರು ನಕ್ಕರು. ನಾನು ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿ ಅದರ ಕಂಠ ನಗ್ಗಿಸಿದೆ. ಸಂಜೆ ಮೆಂತ್ಯ ಹಾಕುವಾಗ ಅಕ್ಕ ನನ್ನನ್ನು ಕರೆದಳು. ಬೀಜವನ್ನು ನನ್ನ ಅಂಗೈಯಲ್ಲಿಟ್ಟು, ಮೇಲೆ ತನ್ನ ಕೈ ಮುಚ್ಚಿ, "ಬಾರೆ, ಇಬ್ರೂ ಸೇರಿ ಹಾಕಾನ," ಅಂದಳು. ಮೂರನೆಯ ದಿನ ಪಾತಿಯೆಲ್ಲ ಹಸಿರಾಯಿತು. ಅಕ್ಕ ಅವ್ವನನ್ನು ಕೈಹಿಡಿದು ಎಳೆದುಕೊಂಡು ಬಂದು, "ನೋಡವ್ವ, ಪಾರಿ ಹಾಕಿದ್ದು," ಎಂದು ತೋರಿಸಿದಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ನನಗೆ ಅಕ್ಕನ ಮೇಲೆ ಆಗ ಬಂದ ಸಿಟ್ಟು ಅವ್ವನ ಮೇಲೂ ಬಂದಿರಲಿಲ್ಲ. ಕೆಟ್ಟದ್ದು ಮಾಡಿದವರನ್ನು ಬೈಯಬಹುದು. ಒಳ್ಳೆಯದು ಮಾಡಿದವರನ್ನು ಏನು ಮಾಡುವುದು?

ಬೀಜದ ಸೋರೆಕಾಯಿಗೆ ನಮ್ಮಲ್ಲಿ ಒಂದು ಕ್ರಮ ಇತ್ತು. ಬಳ್ಳಿಯ ಬುಡಕ್ಕೆ ಹತ್ತಿರ ಬಿಟ್ಟ ಒಳ್ಳೆಯ ಕಾಯಿಯೊಂದಕ್ಕೆ ಸುಣ್ಣದ ಬೊಟ್ಟು ಇಡುವುದು. ಬೊಟ್ಟಿಟ್ಟ ಕಾಯಿಯನ್ನು ಮನೆಗೆ ಯಾರು ಬಂದರೂ, ಎಷ್ಟೇ ಕಷ್ಟ ಇದ್ದರೂ ಅಡುಗೆಗೆ ಕೊಯ್ಯುವಂತಿಲ್ಲ. ಅದು ಬಳ್ಳಿಯಲ್ಲೇ ಬಲಿತು ಹೊಂಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು, ಒಲೆಯ ಮೇಲೆ ಹೊಗೆ ತಾಗುವಂತೆ ಕಟ್ಟಿ, ವಾರಕ್ಕೊಮ್ಮೆ ತಿರುಗಿಸಬೇಕು. ಅಲುಗಿಸಿದರೆ ಬೀಜ ಗಲಗಲ ಅನ್ನಬೇಕು. ಆಮೇಲೆ ಒಡೆದು, ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಕಟ್ಟಿಡುವುದು. ನಮ್ಮದು ಗುಂಡುಸೋರೆ, ಬೆಣ್ಣೆಯ ಹಾಗೆ ಬೇಯುತ್ತಿತ್ತು. ಆ ಬೀಜ ಅವ್ವನ ತವರಿನಿಂದ ಬಂದದ್ದು. ಅಕ್ಕನಿಗೆ ಮಾಘದಲ್ಲಿ ಮದುವೆಯಾಯಿತು. ಹೊರಡುವ ದಿನ, ಇನ್ನೂ ಪೂರ್ತಿ ಒಣಗದ ಆ ಕಾಯಿಯನ್ನು ನನ್ನ ತೊಡೆಯ ಮೇಲಿಟ್ಟು, ಅಟ್ಟ ತೋರಿಸಿ ಹೇಳಿದಳು:

"ವಾರಕ್ಕೊಂದ್ಸಲ ತಿರುಗ್ಸೇ, ಮರೀಬ್ಯಾಡ. ಅಲ್ಲಿ ನಂಗೆ ನಮ್ಮನೇದು ಅಂತ ಇದೊಂದಾದ್ರೂ ಬ್ಯಾಡ್ವಾ?"

ಆಗಲಿ ಎಂದೆ. ಅಕ್ಕ ಹೋದ ಮೇಲೆ ಹಿತ್ತಲಿನ ಎಲ್ಲ ಕೆಲಸವೂ ನನ್ನ ತಲೆಗೆ ಬಂತು. ಸೇದುವುದೂ ನಾನೇ, ಪಾತಿ ಕಟ್ಟುವುದೂ ನಾನೇ. ಅವ್ವ ದಿನಕ್ಕೆ ಹತ್ತು ಸಲ, ಬಸಿ ಇದ್ದಿದ್ರೆ ಹಂಗಿರ್ತಿತ್ತು, ಬಸಿ ಇದ್ದಿದ್ರೆ ಹಿಂಗಿರ್ತಿತ್ತು ಎಂದು ಗೊಣಗುತ್ತಿದ್ದಳು. ಅಟ್ಟ ಹತ್ತಿದರೆ ತಲೆಯೆಲ್ಲ ಮಸಿಯಾಗುತ್ತಿತ್ತು. ಆ ಕಾಯಿಯನ್ನು ಬಚ್ಚಲಿನ ಗೂಡಿನಲ್ಲಿಟ್ಟೆ. ನಾಳೆ ಕಟ್ಟಿದರಾಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅದನ್ನು ನೋಡಿದಾಗಲೆಲ್ಲ ಅಕ್ಕನ ಕೈಯನ್ನೇ ನೋಡಿದ ಹಾಗಾಗುತ್ತಿತ್ತು, ನೋಡಲು ಇಷ್ಟವಾಗುತ್ತಿರಲಿಲ್ಲ. ತಿಂಗಳಾದ ಮೇಲೆ ಬಚ್ಚಲಿನಲ್ಲಿ ಹುಳಿ ವಾಸನೆ ಬಂತು. ಎತ್ತಿದರೆ ಬೆರಳು ಒಳಕ್ಕೆ ಹೋಯಿತು. ಕಾಯಿ ಕೊಳೆತಿತ್ತು, ಬೀಜ ಕಪ್ಪಗಾಗಿ ಅಂಟಿಕೊಂಡಿತ್ತು. ಅವ್ವ ನೋಡುವ ಮೊದಲೇ ಬಾಳೆಯ ಬುಡದಲ್ಲಿ ಹೂತೆ.

ಯುಗಾದಿಗೆ ಅಕ್ಕ ಬರಲಿಲ್ಲ. ಅತ್ತೆಗೆ ಮೊಣಕಾಲು ನೋವು, ಕಳಿಸಲು ಆಗುವುದಿಲ್ಲ ಎಂದರು. ಅಪ್ಪ ಹುಣಿಸೆಯ ಕೆಲಸಕ್ಕೆ ಸೆಟ್ಟೂರಿನ ಕಡೆ ಹೋದವರು ಕಲ್ಯಾಣದುರ್ಗದಲ್ಲಿ ಒಂದು ದಿನ ಅಕ್ಕನ ಮನೆಯಲ್ಲಿದ್ದು ಬಂದರು. ಬಂದು ಸುದ್ದಿ ಹೇಳಿದರು. ಅಲ್ಲಿನ ಹಿತ್ತಲು ಬಿಸಿಲಿಗೆ ಕಾದ ಹಂಚಿನ ಹಾಗೆ, ಬಾವಿಯ ನೀರು ಸವಳು. ಅಕ್ಕ ಮಡಿಲಲ್ಲಿ ಕಟ್ಟಿಕೊಂಡು ಹೋಗಿದ್ದ ಅವರೆ ಮೊಳೆತು ಒಣಗಿತು. ಅಲ್ಲಿ ಇಬ್ಬನಿಯೇ ಇಲ್ಲ. ಬಸಳೆಯ ಕಡ್ಡಿ ವಾರದಲ್ಲಿ ಸುಟ್ಟುಹೋಯಿತು. ಅಕ್ಕನ ಅತ್ತೆ ಈರಮ್ಮನವರು ಕೂತಲ್ಲಿಂದಲೇ ನೋಡಿ ಅಂದರಂತೆ:

"ಏಮ್ಮಾ ಕೋಡಲಾ, ನಿಮ್ಮ ಹಿಂದೂಪುರದ ಗಿಡಕ್ಕೂ ನಿನ್ನಂಗೇ ನೆಳ್ಳು ಬೇಕೇನು? ಇಲ್ಲಿ ಗೋರಿಕಾಯಿ, ಪುಂಡಿಸೊಪ್ಪು ಬಿಟ್ರೆ ದೇವ್ರೇ ಬಂದ್ರೂ ಏನೂ ಬೆಳಿಯಲ್ಲ."

ಸೊಸೆಯನ್ನು ಅವರು ತೆಲುಗಿನಲ್ಲಿ ಕೋಡಲಾ ಎಂದೇ ಕರೆಯುತ್ತಿದ್ದರು. ಅಕ್ಕ ಛಲ ಬಿಟ್ಟಿರಲಿಲ್ಲ. ಯಾರನ್ನೋ ಕೇಳಿ ಒಂದು ಉಪಾಯ ಕಲಿತಿದ್ದಳು: ಹಳೆಯ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ತೂತಿಗೆ ಬಟ್ಟೆಯ ಬತ್ತಿ ತುರುಕಿ, ಕಂಠದವರೆಗೆ ಮಣ್ಣಿನಲ್ಲಿ ಹೂಳುವುದು, ಅಕ್ಕಿ ತೊಳೆದ ನೀರನ್ನು ಅದಕ್ಕೆ ತುಂಬಿ ಮುಚ್ಚಳ ಮುಚ್ಚುವುದು. ನೀರು ಬೇರಿಗಷ್ಟೇ ಜಿನುಗುತ್ತದೆ, ಬಿಸಿಲಿಗೆ ಸಿಗುವುದಿಲ್ಲ. ಮೂರು ಮಡಕೆ ಹೂತು ಕಾಯುತ್ತಿದ್ದಳು. ಅತ್ತೆಯೂ ಒಂದು ಮಾತಿಗೆ ಒಪ್ಪಿದ್ದರು: ಈ ಹಿತ್ತಲಲ್ಲಿ ಸೋರೆ ಬಂದರೆ, ಶ್ರಾವಣದ ಕೊನೆಯ ಸೋಮವಾರ ಮನೆತನದ ಗುರುಗಳಾದ ಅಯ್ಯನೋರ ಪಾದಪೂಜೆಯ ಊಟಕ್ಕೆ ಆ ಕಾಯಿಯೇ ಮೀಸಲು, ಅಡುಗೆಯೂ ಸೊಸೆಯದೇ. ಆ ಮನೆಯಲ್ಲಿ ಅಯ್ಯನೋರಿಗೆ ಅಡುಗೆ ಮಾಡುವವಳೇ ಮನೆಯ ಒಡತಿಯಿದ್ದ ಹಾಗೆ. ಅಷ್ಟರವರೆಗೆ ಅಕ್ಕ ನೀರು ಹೊರುವವಳು ಮಾತ್ರ.

"ಮುಂದಿನ್ ವಾರ ಮತ್ತೆ ಹೋಯ್ತೀನಿ ಕಣಮ್ಮ," ಎಂದು ಅಪ್ಪ ನನಗೆ ಹೇಳಿದರು. "ಬೀಜ ಬುಡ್ಸಿ ಇಟ್ಟಿರು. ಬಸಿ ಅದೊಂದನ್ನೇ ನಾಕ್ ಸಲ ಹೇಳುದ್ಲು."

ಅದೇ ಪ್ರಯಾಣದಲ್ಲಿ ಅಪ್ಪನಿಗೆ ಸೆಟ್ಟೂರಿನ ಕುರಿ ಕಾಯುವವನೊಬ್ಬ ಒಂದು ಒಣಗಿದ ಸೋರೆಬುರುಡೆ ಕೊಟ್ಟಿದ್ದ. ಆ ಕಡೆಯ ಕುರಿಯವರು ಅಂಥ ಬುರುಡೆಯಲ್ಲೇ ನೀರು ಹೊತ್ತು ತಿರುಗುತ್ತಾರೆ. ಬಾಯಿ ಕೊಯ್ದಿರಲಿಲ್ಲ, ಅಲುಗಿಸಿದರೆ ಗಲಗಲ ಅನ್ನುತ್ತಿತ್ತು. ಅಪ್ಪ ಅದನ್ನು ನನ್ನ ಕೈಗೆ ಕೊಡುತ್ತಾ ವಿವರವಾಗಿ ಹೇಳಿದರು:

"ಇದು ಕಯ್ ಸೋರೆ. ಬಾಯಿ ಕೊಯ್ದು, ಬೀಜ ತಿಪ್ಪೆಗೆ ಸುರುದ್ಬುಡು. ಹದಿನೈದ್ ದಿನ ನೀರ್ ತುಂಬ್ಸಿ ಚೆಲ್ಲಿ, ತುಂಬ್ಸಿ ಚೆಲ್ಲಿ ಮಾಡ್ಬೇಕು. ಇಲ್ದಿದ್ರೆ ಕುಡ್ದೋನು ಕರುಳು ಕಿತ್ಬರೋ ಹಂಗೆ ಕಾರ್ಕಂತಾನೆ."

ಕಯ್ ಅಂದರೆ ನಮ್ಮ ಮಾತಿನಲ್ಲಿ ಕಹಿ. ಈ ಮಾತನ್ನು ಪೂರ್ತಿ ಬರೆಯಲು ಕಾರಣ ಇದೆ. ನಾನು ಬಹಳ ಕಾಲ ನನಗೆ ನಾನೇ ಹೇಳಿಕೊಂಡು ಬಂದದ್ದು, ನನಗೆ ತಿಳಿಯಲಿಲ್ಲ, ಸಣ್ಣವಳು, ಹನ್ನೆರಡು ವರ್ಷ ಎಂದು. ಹನ್ನೆರಡು ವರ್ಷದವಳಿಗೆ ಈ ಮಾತು ಅರ್ಥವಾಗದೆ ಏನು? ಬಾವಿಕಟ್ಟೆಯ ಮೇಲೆ ಕೂತು ಬುರುಡೆಯ ಬಾಯಿ ಕೊಯ್ದೆ. ಬೀಜ ಮಡಿಲಿಗೆ ಸುರಿಯಿತು. ನಮ್ಮ ಬೀಜದ ಹಾಗೇ ಇತ್ತು, ಅದೇ ಬಣ್ಣ, ಅದೇ ಅಂಚು. ಹನ್ನೆರಡು ದುಂಡು ಬೀಜ ಆರಿಸಿ, ಬೂದಿಯಲ್ಲಿ ಹೊರಳಿಸಿ, ಅಕ್ಕನ ಹಳೆಯ ಕುಪ್ಪಸದ ತುಂಡಿನಲ್ಲಿ ಕಟ್ಟಿದೆ. ಆ ಉರಿಬಿಸಿಲಲ್ಲಿ ಮೊಳೆಯುವುದೇ ಇಲ್ಲ, ಮೊಳೆಯದಿದ್ದರೆ ಯಾರಿಗೆ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ. ಮೊಳೆಯದೆ ಹೋಗಲಿ ಎಂಬ ಆಸೆಯೂ ಒಳಗಿತ್ತು. ಒಂದು ಸಲವಾದರೂ ಅಕ್ಕನ ಕೈಯಿಂದ ಏನೂ ಬರದೆ ಇರಲಿ ಎಂದು. ಅಪ್ಪ ಬಂದು ಬಾಯಿ ಕೊಯ್ದ ಬುರುಡೆ ನೋಡಿ, "ಭೇಷ್, ಅಂಚು ಎಷ್ಟು ನಯವಾಗಿ ಕೊಯ್ದಿದೀಯೇ," ಎಂದು ನನ್ನ ಬೆನ್ನು ತಟ್ಟಿದರು. ಬೀಜದ ಗಂಟನ್ನು ಜೇಬಿನಲ್ಲಿಟ್ಟುಕೊಂಡು ಹೊರಟರು.

ಮೊಳೆಯಿತು. ರೋಹಿಣಿ ಮಳೆಗೆ ಹಾಕಿದ ಹನ್ನೆರಡರಲ್ಲಿ ಹತ್ತು ಮೊಳೆಯಿತು. ಆ ಒಣನೆಲದಲ್ಲೇ ಹುಟ್ಟಿದ ಜಾತಿ ಅದು, ಸವಳುನೀರಿಗೂ ಬಿಸಿಲಿಗೂ ಹೆದರಲಿಲ್ಲ. ಆಷಾಢದ ಗಾಳಿಗೆ ಕಲ್ಯಾಣದುರ್ಗದಲ್ಲಿ ಮನೆಯ ಮುಂದೆ ಒಣಗಹಾಕಿದ ಬಟ್ಟೆ ನಿಲ್ಲುವುದಿಲ್ಲ, ಆದರೆ ಬಳ್ಳಿ ಮಾಳಿಗೆ ಹತ್ತಿ ಆಚೆ ಮನೆಯ ಕಡೆಗೂ ಇಳಿಯಿತು. ಕೇರಿಯವರು ಬಂದು ನೋಡಿದರಂತೆ. ಈರಮ್ಮನವರೇ, "ಕೋಡಲಾ, ನಿನ್ನ ಕೈ ಒಳ್ಳೆ ಕೈ ಕಣಮ್ಮ," ಅಂದರಂತೆ. ಇದೆಲ್ಲ ನಮಗೆ ಕಾಗದದಲ್ಲಿ ಬಂತು, ಭಾವ ತೆಲುಗಿನಲ್ಲಿ ಬರೆದದ್ದು. ಶ್ರಾವಣದ ಕೊನೆಯ ಸೋಮವಾರಕ್ಕೆ ಅವ್ವನೂ ನಾನೂ ಬರಲೇಬೇಕು ಎಂದು ಬರೆದಿದ್ದರು. ಆ ಕಾಗದವನ್ನು ಅವ್ವನಿಗೆ ಓದಿ ಹೇಳಿದವಳು ನಾನೇ. ಆಗ ಹೇಳಬಹುದಿತ್ತು. ಇನ್ನೂ ಇಪ್ಪತ್ತು ದಿನ ಇತ್ತು.

ಪೆನುಕೊಂಡದವರೆಗೆ ರೈಲು, ಅಲ್ಲಿಂದ ಮುಂದೆ ಇದ್ದಿಲು ಉರಿಸಿ ಓಡಿಸುವ ಬಸ್ಸು. ಏರು ಬಂದಲ್ಲೆಲ್ಲ ಎಲ್ಲರೂ ಇಳಿದು ನಡೆಯುತ್ತಿದ್ದೆವು. ಕಲ್ಯಾಣದುರ್ಗದ ಅಕ್ಕನ ಮನೆ ಕಲ್ಲು ಮತ್ತು ಮಣ್ಣಿನ ಮಾಳಿಗೆಯ ಮನೆ, ಗೋಡೆ ದಪ್ಪ, ಕಿಟಕಿ ಸಣ್ಣದು, ಒಳಗೆ ತಂಪು. ಅಕ್ಕ ನನ್ನ ಕೈಹಿಡಿದು ನೇರ ಹಿತ್ತಲಿಗೆ ಕರೆದುಕೊಂಡು ಹೋದಳು. ಬಳ್ಳಿಯ ಬುಡದಲ್ಲಿ ಹೂತ ಮಡಕೆಯ ಮುಚ್ಚಳ ತೆಗೆದು ತೋರಿಸಿದಳು. ಮಾಳಿಗೆಯ ಅಂಚಿನಲ್ಲಿ ಎಳೆಯ ಗುಂಡು ಕಾಯಿಗಳು ಸಾಲಾಗಿ ಕೂತಿದ್ದವು.

"ನೀನ್ ಒಣಗ್ಸಿದ್ ಬೀಜ ಕಣೇ," ಅಂದಳು. "ನಿನ್ ಕೈದೂ ಐತೆ ಇದ್ರಾಗೆ."

ನಮ್ಮ ಕಡೆ ಸೋರೆಕಾಯಿ ಹೆಚ್ಚುವಾಗ ಒಂದು ಹೋಳು ಬಾಯಿಗೆ ಹಾಕಿ ನೋಡದೆ ಯಾರೂ ಪಾತ್ರೆಗೆ ಹಾಕುವುದಿಲ್ಲ. ಎಲ್ಲೋ ಒಂದು ಕಹಿ ಬೆರೆತಿರುತ್ತದೆ ಎಂದು. ಆದರೆ ಮೀಸಲಿನ ಅಡುಗೆಯ ರೀತಿ ಬೇರೆ. ಅಯ್ಯನೋರ ಎಲೆಗೆ ಬೀಳುವವರೆಗೆ ಅದನ್ನು ಯಾರೂ ಬಾಯಿಗಿಡುವಂತಿಲ್ಲ, ಉಪ್ಪು ಕೂಡ ಅಂದಾಜಿನಲ್ಲೇ. ಅಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಗಂಟು ಹಾಕಿ, ಮೂರು ಕಾಯಿ ಹೆಚ್ಚಿ ಪಲ್ಯ ಮಾಡಿದಳು. ನಾನು ತೆಂಗಿನಕಾಯಿ ತುರಿದುಕೊಟ್ಟೆ. ತುರಿಯುತ್ತಾ ಕೂತಾಗ ನಾಲಗೆಯ ತುದಿಗೆ ಬಂದಿತ್ತು. ಬಿದ್ದು ಪಾತ್ರೆ ಉರುಳಿಸಿಬಿಡೋಣವೇ ಅಂದುಕೊಂಡೆ. ತುರಿದು ಮುಗಿಯಿತು, ಅಕ್ಕ ಬಟ್ಟಲು ತೆಗೆದುಕೊಂಡಳು.

ಪಾದಪೂಜೆ ಆಯಿತು. ಅಯ್ಯನೋರು ಅಂಗೈಯ ಲಿಂಗಕ್ಕೆ ಎಡೆ ತೋರಿಸಿ ಊಟಕ್ಕೆ ಕೂತರು. ಅವರ ಸಾಲಿನಲ್ಲಿ ಮನೆಯ ಗಂಡಸರು, ನೆಂಟರು. ಈರಮ್ಮನವರು ಬಾಗಿಲ ಹತ್ತಿರ ಕೂತು, "ಸೊಸೆ ಹಿತ್ತಲದ್ದು ಸಾಮೀ, ಮೀಸಲು," ಎಂದು ಎರಡು ಸಲ ಹೇಳಿದರು. ಅಯ್ಯನೋರು ಮೊದಲ ತುತ್ತು ಬಾಯಿಗಿಟ್ಟರು. ಅವರ ಗಂಟಲು ಒಂದು ಸಲ ನಿಂತಿತು. ಆದರೆ ಪ್ರಸಾದವಾದ ಮೇಲೆ ಎಲೆಯಲ್ಲಿ ಬಿಡುವಂತಿಲ್ಲ. ಅವರು ತಲೆ ಬಗ್ಗಿಸಿ, ಒಂದೊಂದೇ ತುತ್ತು ನುಂಗುತ್ತಾ, ಬಡಿಸಿದ್ದಷ್ಟನ್ನೂ ಉಂಡರು. ಅವರು ಉಣ್ಣುತ್ತಿರುವುದನ್ನು ನೋಡಿ ಉಳಿದವರೂ ಉಂಡರು. ಯಾರೂ ಮಾತಾಡಲಿಲ್ಲ. ಅಕ್ಕ ಅವರ ಮುಖ ನೋಡಿ, ಏನೋ ರುಚಿಯಾಗಿದೆ, ಅದಕ್ಕೇ ಮಾತಿಲ್ಲ ಅಂದುಕೊಂಡು ಎರಡನೆಯ ಸಲ ಬಡಿಸಲು ಹೋದಳು. ಅಯ್ಯನೋರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಸಾಕು ತಾಯಿ," ಅಂದರು.

ಅರ್ಧ ಗಳಿಗೆಯೊಳಗೆ ಹಿತ್ತಲಿನ ಗೋಡೆ ಹಿಡಿದುಕೊಂಡು ಸಾಲಾಗಿ ವಾಂತಿ ಮಾಡಿಕೊಂಡರು. ಭಾವ ಚೇತರಿಸಿಕೊಂಡರು, ನೆಂಟರು ಚೇತರಿಸಿಕೊಂಡರು. ವಯಸ್ಸಾದ ಅಯ್ಯನೋರು ಮಾತ್ರ ಎರಡು ದಿನ ಆ ಮನೆಯಲ್ಲೇ ಚಾಪೆ ಹಿಡಿದು, ಮಜ್ಜಿಗೆಯ ತಿಳಿ ಕುಡಿದುಕೊಂಡು ಮಲಗಿದ್ದರು. ಈರಮ್ಮನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಳ್ಳಿಯನ್ನು ಬುಡದಿಂದ ಕೀಳಿಸಿ, ಮೂರು ಮಡಕೆಗಳನ್ನೂ ಅಗೆಸಿ ಒಡೆಸಿ, ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದರು:

"ಏನ್ ಕೈಯಮ್ಮಾ ನಿಂದು? ಸಾಮೀನೇ ಮಲಗಿಸ್ಬುಡ್ತಲ್ಲ. ಇನ್ಮ್ಯಾಕೆ ಈ ಮನೇಲಿ ನೀನು ಮಣ್ಣು ಮುಟ್ಬ್ಯಾಡ. ಸಾಮಿ ಅಡಿಗೇನೂ ಮುಟ್ಬ್ಯಾಡ."

"ಆಗ್ಲಿ ಅತ್ತೆಮ್ಮ," ಅಂದಳು ಅಕ್ಕ.

ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಕಡೆ ತಿರುಗಿ ಕೇಳಿದಳು:

"ಪಾರೀ, ನೀನು ಕೊಟ್ಟಿದ್ದು ನಮ್ ಬೀಜಾನೇ ತಾನೇ?"

"ಹೂಂ," ಅಂದೆ.

"ಹಂಗಾದ್ರೆ ಆ ನೆಲದ್ದೇ ದೋಷ. ಇಲ್ಲಾ ಅವ್ಳ ಹಣೆಬರ."

ನನ್ನ ಬದುಕಿನಲ್ಲಿ ಅಷ್ಟು ಸಣ್ಣ ಸುಳ್ಳು ಇನ್ನೊಂದು ಹೇಳಿಲ್ಲ. ಒಂದೇ ಅಕ್ಷರ.

ಎರಡು ವರ್ಷ ಬಿಟ್ಟು ಅಕ್ಕ ಬಾಣಂತನಕ್ಕೆ ಹಿಂದೂಪುರಕ್ಕೆ ಬಂದಳು. ಅಷ್ಟರಲ್ಲಿ ಹಿತ್ತಲು ನನ್ನದಾಗಿತ್ತು. ಬೇರೆ ಯಾರೂ ಇಲ್ಲವೆಂದು ನಾನೇ ಬಿತ್ತುತ್ತಿದ್ದೆ, ಬಿತ್ತಿದ್ದೆಲ್ಲ ಬರುತ್ತಿತ್ತು. ಅವ್ವ ಈಗ ಬಂದವರ ಮುಂದೆ, ಪಾರಿ ಕೈ ಏನ್ ಚೆನ್ನಾಗೈತೆ ಅನ್ನುತ್ತಿದ್ದಳು. ಒಂದು ದಿನ ಬೆಳಿಗ್ಗೆ ಮಗುವಿಗೆ ನೆಗಡಿಯಾಗಿ ದೊಡ್ಡಪತ್ರೆ ಬೇಕಾಯಿತು. ಗಿಡ ಅಕ್ಕ ಕೂತಿದ್ದ ಬಾಗಿಲಿಂದ ನಾಲ್ಕು ಹೆಜ್ಜೆ. ಅಲ್ಲಿ ಅದನ್ನು ನೆಟ್ಟವಳೇ ಅವಳು. ಅವಳು ಒಳಗಿದ್ದ ನನ್ನನ್ನು ಕರೆದಳು.

"ಎರಡೆಲೆ ಕಿತ್ಕಂಡ್ ಬಾರೆ."

"ಅಲ್ಲೇ ಐತಲ್ಲಕ್ಕ."

"ನಾನು ಕಿತ್ರೆ ಒಣಗ್ಬುಟ್ರೆ? ಮಗೀಗೆ ಬೇಕಲ್ಲ. ನೀನೇ ಕೀಳು, ನಿನ್ ಕೈ ಚೆನ್ನಾಗೈತೆ."

ಅವಳು ಚುಚ್ಚಿ ಆಡಿದ ಮಾತಲ್ಲ ಅದು. ಅತ್ತೆ ಹೇಳಿದ್ದನ್ನು ಅವಳು ನಂಬಿದ್ದಳು. ನಾನು ಎಲೆ ಕಿತ್ತು, ಬಾಡಿಸಿ, ರಸ ಹಿಂಡಿ ಕೊಟ್ಟೆ. ಬೇರೆ ಏನನ್ನೂ ಕೊಡಲಿಲ್ಲ.

ಆಮೇಲೆ ನನಗೂ ಮದುವೆಯಾಯಿತು, ಕಲ್ಯಾಣದುರ್ಗದ ಹತ್ತಿರದ ಬೆಳುಗುಪ್ಪಕ್ಕೆ ಕೊಟ್ಟರು. ಅಲ್ಲಿನ ಬಿಸಿಲು ಕಂಡ ಮೇಲೆ ಅಕ್ಕ ಮೊದಲ ವರ್ಷ ಪಟ್ಟದ್ದು ಏನೆಂದು ತಿಳಿಯಿತು. ಹಿಂದೂಪುರದ ಬೀಜ ಯಾವುದೂ ನಿಲ್ಲಲಿಲ್ಲ. ಕೊತ್ತಂಬರಿ ಬೆರಳುದ್ದ ಬಂದು ಹೂವಿಗೆ ತಿರುಗಿಬಿಡುತ್ತಿತ್ತು. ಅಕ್ಕನಿಗೆ ಹೇಳಿಕಳಿಸಿದೆ. ಮಗಳನ್ನು ಎತ್ತಿಕೊಂಡು ಗಾಡಿಯಲ್ಲಿ ಬಂದಳು. ಹಿತ್ತಲಿನ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿಕೊಟ್ಟಳು: ಕೊತ್ತಂಬರಿಯನ್ನು ಗೋಡೆಯ ಮೂಡಣಕ್ಕೆ ಹಾಕು, ಮಧ್ಯಾಹ್ನದ ಬಿಸಿಲು ತಪ್ಪುತ್ತದೆ, ದೊಡ್ಡಪತ್ರೆಯನ್ನು ಒಡೆದ ಗುಡಾಣದಲ್ಲಿ ನೆಟ್ಟು ನೀರಿನ ತೊಟ್ಟಿಯ ಪಕ್ಕ ಇಡು, ಮಡಕೆಯ ತೂತು ಜೋಳದ ಕಾಳಿಗಿಂತ ದೊಡ್ಡದಾಗಬಾರದು. ಹೇಳುವಾಗ ಅವಳ ಕೈ ಮಡಿಲಲ್ಲೇ ಇತ್ತು, ಬೆರಳು ಮಾತ್ರ ಮಣ್ಣು ಒತ್ತುವ ಹಾಗೆ ಆಡುತ್ತಿದ್ದವು. ನಾನು ಹೀರೆಬೀಜ ಅವಳ ಮುಂದೆ ಹಿಡಿದು, ಮೊದಲನೆಯದು ನೀನು ಹಾಕು ಎಂದೆ. ಅವಳು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಹೊಸ ಮನೆ ಕಣೇ ನಿಂದು. ಬ್ಯಾಡ."

ಆ ದಿನವೂ ನಾನು ಹೇಳಲಿಲ್ಲ. ಅವಳು ಹೇಳಿಕೊಟ್ಟ ಹಾಗೆ ಮಾಡಿದೆ, ಎಲ್ಲವೂ ಬಂತು.

ಆ ವರ್ಷದ ಶ್ರಾವಣದ ಕೊನೆಯ ಸೋಮವಾರ ಒಂದು ಬುಟ್ಟಿ ಹೀರೆಕಾಯಿ, ಒಂದು ಕಟ್ಟು ಕೊತ್ತಂಬರಿ ತೆಗೆದುಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಅದೇ ಅಯ್ಯನೋರು ಬಂದಿದ್ದರು, ಹಲ್ಲು ಬಹಳ ಹೋಗಿತ್ತು. ಅಡುಗೆ ಈರಮ್ಮನವರ ತಂಗಿಯದು. ಅಕ್ಕನ ಪಾಲಿಗೆ ಎಲೆ ಹಾಕುವುದು, ನೀರಿಡುವುದು. ಸಾಲು ಕೂತಿತು. ಈರಮ್ಮನವರು ಬಾಗಿಲಲ್ಲಿ ಕೂತಿದ್ದವರು, ಹೀರೆಕಾಯಿ ಪಲ್ಯ ಎಲೆಗೆ ಬಿದ್ದ ಕೂಡಲೇ ಹೇಳಿದರು:

"ಬಯ್ಯಪಡಬ್ಯಾಡ್ರಿ ಸಾಮೀ, ಇದು ಬಸಮ್ಮಂದಲ್ಲ. ಅವ್ಳ ತಂಗಿ ಬೆಳ್ದಿದ್ದು. ಇವ್ಳದ್ದು ಮಂಚಿ ಕೈ."

ಅಯ್ಯನೋರು ಬೊಚ್ಚುಬಾಯಲ್ಲಿ ನಕ್ಕರು. "ಅಯ್ಯೋ ಈರಮ್ಮ, ಆವತ್ತಿಂದ ನಾನು ಸೋರೆಬಳ್ಳಿ ಕಂಡ್ರೆ ದಾರಿ ಬುಟ್ಟು ನಡೀತೀನಿ ಕಣಮ್ಮ. ನನ್ನ ಹಲ್ಲು ಉದುರಿದ್ದೂ ಅದ್ಕೇ ಇರ್ಬೇಕು!"

ಸಾಲೆಲ್ಲ ನಕ್ಕಿತು. ಕೆಟ್ಟ ನಗುವಲ್ಲ, ಹಬ್ಬದ ದಿನದ ನಗು. ನೀರಿನ ತಂಬಿಗೆ ಹಿಡಿದು ನಿಂತಿದ್ದ ಅಕ್ಕನೂ ನಕ್ಕಳು. ತ್ರಾಸವಿಲ್ಲದೆ, ಅಭ್ಯಾಸವಾದ ಹಾಗೆ ನಕ್ಕಳು. ಅವಳ ಪಕ್ಕದಲ್ಲಿ ನಿಂತಿದ್ದ ಮಗಳು ತಾಯಿಯ ಕೈಯನ್ನು ಎತ್ತಿ, ಅದರಲ್ಲಿ ಏನಿದೆ ಎಂದು ತಿರುಗಿಸಿ ನೋಡುತ್ತಿತ್ತು. ನನ್ನ ಕೈಯಲ್ಲಿ ಪಲ್ಯದ ಸೌಟು ಇತ್ತು. ಅದನ್ನು ಪಾತ್ರೆಯೊಳಕ್ಕೆ ಇಟ್ಟು, ಪಾತ್ರೆಯನ್ನು ನೆಲಕ್ಕಿಟ್ಟೆ.

"ಸಾಮೀ, ಅತ್ತೆಮ್ಮ, ಒಂದ್ ಮಾತೈತೆ," ಅಂದೆ.

"ಊಟ ಆಗ್ಲಿ ತಾಳಮ್ಮ," ಅಂದರು ಈರಮ್ಮನವರು.

"ಊಟ ಆದ್ರೆ ನಾನು ಹೇಳಲ್ಲ. ಆರು ವರ್ಷದಿಂದ ಊಟ ಆಗ್ಲಿ, ಊಟ ಆಗ್ಲಿ ಅಂತಾನೇ ಇದೀನಿ."

"ಸುಮ್ನಿರೇ ಪಾರೀ, ಏನಾಯ್ತು ನಿಂಗೆ?" ಎಂದು ಅಕ್ಕ ನನ್ನ ತೋಳು ಹಿಡಿದಳು. ಗಂಡಸರ ಕೈ ಎಲೆಯ ಮೇಲೆ ನಿಂತಿತು. ಅಯ್ಯನೋರು ಮಾತ್ರ ತಲೆಯೆತ್ತಿ, ಹೇಳು ಎಂಬಂತೆ ನೋಡಿದರು. ನಾನು ಅವರ ಕಡೆ ನೋಡಲಿಲ್ಲ. ಅಕ್ಕನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ:

"ಆವತ್ತಿನ ಸೋರೆ ನಿನ್ ಕೈಗೆ ಕಯ್ ಆಗಿದ್ದಲ್ಲಕ್ಕ. ನೀನು ಕೊಟ್ಟು ಹೋಗಿದ್ ಕಾಯಿ ನಾನು ಅಟ್ಟಕ್ಕೆ ಕಟ್ಲೇ ಇಲ್ಲ, ಬಚ್ಚಲಾಗೇ ಕೊಳ್ತೋಯ್ತು. ನಾನು ಕಳಿಸಿದ್ದು ಸೆಟ್ಟೂರಿನ ಕುರಿಯೋನು ಕೊಟ್ಟ ಬುರುಡೆ ಬೀಜ. ಕಯ್ ಅಂತ ಅಪ್ಪ ಹೇಳಿದ್ರು. ಗೊತ್ತಿಲ್ದೆ ಮಾಡಿದ್ದಲ್ಲ, ನಂಗೆ ಗೊತ್ತಿತ್ತು. ನಿನ್ ಕೈದು ಏನೂ ತಪ್ಪಿಲ್ಲ. ನಂದು ತಪ್ಪಾಯ್ತು, ಬಸಕ್ಕ."